ಕಂಬದ ಬುಡದಲ್ಲಿದ್ದ ಕೆಂಪು

ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ದೊಡ್ಡದು. ಮೂವತ್ತೈದಕ್ಕೆ ಯಾರೂ ನಿವೃತ್ತರಾಗುವುದಿಲ್ಲ, ಕೆಲಸ ಬಿಡುತ್ತಾರೆ. ನಾನೂ ಬಿಟ್ಟೆ. ಯಾಕೆ ಎಂಬುದು ಈ ಬರಹಕ್ಕೆ ಬೇಕಿಲ್ಲ. ಹನ್ನೊಂದು ವರ್ಷ ಶಿವಮೊಗ್ಗದ ಒಂದು ಖಾಸಗಿ ಪರೀಕ್ಷಾ ಸಂಸ್ಥೆಯಲ್ಲಿದ್ದು, ಹೆಚ್ಚಾಗಿ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ, ಹಳೆಯ ಕಾಂಕ್ರೀಟ್ ಕಟ್ಟಡಗಳನ್ನು ತಟ್ಟಿ ನೋಡುವ ಕೆಲಸ ಮಾಡಿದೆ. ಈಗ ನನ್ನ ಜಾಗಕ್ಕೆ ಇಬ್ಬರು ಹುಡುಗಿಯರು ಬಂದಿದ್ದಾರೆ. "ಪುಸ್ತಕದಲ್ಲಿ ಇಲ್ಲದ್ದನ್ನು ಬರೆದುಕೊಡಿ ಅಕ್ಕಾ" ಎಂದು ಕೇಳಿದರು. ಪುಸ್ತಕದಲ್ಲಿ ಇಲ್ಲದ್ದು ಬಹಳವಿದೆ. ನನಗೆ ಮುಖ್ಯವೆನಿಸುವುದು ನಾನೇ ಮಾಡಿದ ಒಂದು ತಪ್ಪು.

ಮೊದಲು ತುಕ್ಕಿನ ವಿಷಯ. ಗಟ್ಟಿ ಕಾಂಕ್ರೀಟಿನೊಳಗಿರುವ ಕಬ್ಬಿಣದ ಸರಳಿಗೆ ತುಕ್ಕು ಹಿಡಿಯುವುದಿಲ್ಲ. ಸಿಮೆಂಟಿನ ಕ್ಷಾರ ಸರಳಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪದರವೊಂದನ್ನು ಕಟ್ಟಿ ಅದನ್ನು ಕಾಯುತ್ತದೆ. ಈ ಕಾವಲು ಎರಡು ರೀತಿಯಲ್ಲಿ ಹೋಗುತ್ತದೆ. ಗಾಳಿ ವರ್ಷಗಟ್ಟಲೆ ಒಳಗಿಳಿದು ಕ್ಷಾರವನ್ನು ಕಳೆಯುತ್ತದೆ. ಇಲ್ಲವೇ ಉಪ್ಪು ಒಳಗೆ ಸೇರುತ್ತದೆ. ಉಪ್ಪು ಸೇರಿದರೆ ಕ್ಷಾರ ಇದ್ದೂ ಇಲ್ಲದಂತೆ. ತುಕ್ಕಾದ ಕಬ್ಬಿಣ ಉಬ್ಬುತ್ತದೆ. ಉಬ್ಬಲು ಜಾಗವಿಲ್ಲದೆ ಕಾಂಕ್ರೀಟನ್ನು ಒಳಗಿನಿಂದ ಒತ್ತುತ್ತದೆ. ಸರಳಿನ ಉದ್ದಕ್ಕೂ ಕೂದಲೆಳೆಯಂಥ ಬಿರುಕು ಮೂಡುತ್ತದೆ, ಆಮೇಲೆ ಚಕ್ಕೆ ಏಳುತ್ತದೆ. ನಮಗೆ ಬಿರುಕು ಕಾಣುವ ಹೊತ್ತಿಗೆ ಒಳಗಿನ ಕೆಲಸ ಎಷ್ಟೋ ವರ್ಷ ನಡೆದಿರುತ್ತದೆ. ಆದ್ದರಿಂದ ಚೆನ್ನಾಗಿ ಕಾಣುವ ಕಂಬವನ್ನು ಚೆನ್ನಾಗಿದೆ ಎಂದುಕೊಳ್ಳಬೇಡಿ. ಚೆನ್ನಾಗಿದೆ ಎಂದು ಹೇಳುವವರನ್ನಂತೂ ನಂಬಲೇಬೇಡಿ.

ಇದನ್ನು ನನಗೆ ಕಲಿಸಿದವರು ನಮ್ಮ ಮುಖ್ಯಸ್ಥರಾಗಿದ್ದ ಪ್ರಭಾಕರ್ ಸರ್. ಕೆಲಸಕ್ಕೆ ಸೇರಿದ ಮೊದಲ ವರ್ಷ ಶಿಕಾರಿಪುರದ ಒಂದು ಹಳೆಯ ಕಟ್ಟಡಕ್ಕೆ ಅವರ ಜೊತೆ ಹೋಗಿದ್ದೆ. ತಪಾಸಣೆಗೆ ಬರುತ್ತೇವೆಂದು ವಾರ ಮೊದಲೇ ತಿಳಿಸುವುದು ಆಗಿನ ಪದ್ಧತಿ. ನಾವು ಹೋದಾಗ ಇಡೀ ಕಟ್ಟಡ ಹಳದಿ ಬಣ್ಣ ಹೊಡೆಸಿಕೊಂಡು ಮದುವೆ ಮನೆಯಂತೆ ನಿಂತಿತ್ತು.

"ನೋಡ್ರಿ ಸಾಹೇಬ್ರ, ಹೊಸಾ ಬಿಲ್ಡಿಂಗೇ ಆಗೈತಿ" ಎಂದ ಅಲ್ಲಿನ ಕಾವಲುಗಾರ.

"ಬಿಲ್ಡಿಂಗ್ ಆಗಿಲ್ಲಪ್ಪ, ಬಣ್ಣ ಆಗಿದೆ" ಎಂದು ಸರ್ ಕಂಬವನ್ನು ಉಗುರಿನಿಂದ ಕೆರೆದರು. ಬಣ್ಣ ಇನ್ನೂ ಮೆತ್ತಗಿತ್ತು.

ನನ್ನ ಕೆಲಸ ದ್ರಾವಣ ಸಿಂಪಡಿಸುವುದು. ಕಂಬವನ್ನು ಸ್ವಲ್ಪ ಒಡೆದು, ಒಡೆದ ಜಾಗಕ್ಕೆ ಅದನ್ನು ಸಿಂಪಡಿಸಿದರೆ ಕ್ಷಾರ ಉಳಿದಿರುವ ಕಡೆ ಗಾಢ ಗುಲಾಬಿ ಬಣ್ಣ ಬರುತ್ತದೆ. ಇಲ್ಲದ ಕಡೆ ಏನೂ ಬರುವುದಿಲ್ಲ. ನಾನು ಒಂದಿಷ್ಟು ಕುಟ್ಟಿ ಸಿಂಪಡಿಸಿ, "ಗುಲಾಬಿ ಬಂತು ಸರ್" ಎಂದೆ.

"ಯಾವುದಕ್ಕೆ ಬಂತು?"

"ಕಾಂಕ್ರೀಟಿಗೆ."

"ಕಾಂಕ್ರೀಟಲ್ಲಮ್ಮ, ಹೋದ ವಾರ ಮೇಸ್ತ್ರಿ ಮೆತ್ತಿದ ಗಾರೆಗೆ. ಹೊಸ ಸಿಮೆಂಟು ಗುಲಾಬಿ ಬರದೆ ಇನ್ನೇನು ಬರುತ್ತೆ? ಒಳಗೆ ಹೋಗು."

ಎಲ್ಲರೆದುರು ಇನ್ನೊಮ್ಮೆ ಒಡೆಸಿದರು. ಒಳಗಿನ ಹಳೆಯ ಕಾಂಕ್ರೀಟಿಗೆ ಯಾವ ಬಣ್ಣವೂ ಬರಲಿಲ್ಲ. ಕಾವಲುಗಾರ ನನ್ನನ್ನು ನೋಡಿ ನಕ್ಕ. ಅಂದಿನಿಂದ ನಾನು ಹೊಸ ಬಣ್ಣ, ಹೊಸ ಗಾರೆ, ಹೊಸ ಟೈಲ್ಸು, ಕಂಬದ ಮುಂದೆ ಅನಗತ್ಯವಾಗಿ ನಿಂತ ಬೀರು, ನನಗಾಗಿ ತಂದ ಎಳನೀರು ಎಲ್ಲವನ್ನೂ ಅನುಮಾನದಿಂದಲೇ ನೋಡತೊಡಗಿದೆ. ಈ ಅನುಮಾನ ನನ್ನನ್ನು ಎಷ್ಟೋ ಕಡೆ ಕಾಪಾಡಿದೆ. ಕಾಪಾಡದ ಕಡೆಯನ್ನು ಈಗ ಹೇಳುತ್ತೇನೆ.

ಸೊರಬದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ ಒಂದು ಊರು. ಹೆಸರು ಬೇಡ. ಅಲ್ಲಿನ ಸೊಸೈಟಿಯವರು ತಮ್ಮ ಹಳೆಯ ಗೊಬ್ಬರದ ಗೋದಾಮು ಖಾಲಿ ಮಾಡಿ ಅದನ್ನು ಊರಿನ ಮಹಿಳಾ ಸಂಘಕ್ಕೆ ಕೊಡಲು ತೀರ್ಮಾನಿಸಿದ್ದರು. ಸಂಘದ ಹದಿಮೂರು ಹೆಂಗಸರು ಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಿದ್ದರು. ಕಟ್ಟಡ ಬಳಕೆಗೆ ಯೋಗ್ಯ ಎಂಬ ಪ್ರಮಾಣಪತ್ರ ಬೇಕಾಗಿತ್ತು. ಆಗ ನನಗೆ ನಾಲ್ಕು ವರ್ಷದ ಅನುಭವ. ಒಬ್ಬಳೇ ಹೋದೆ.

ಸೊಸೈಟಿಯ ಸೆಕ್ರೆಟರಿ ವೀರಭದ್ರಪ್ಪ ಬೀಗ ತೆಗೆದರು. ಸಂಘದ ಮುಖ್ಯಸ್ಥೆ ಹಾಲಮ್ಮ ಬಾಗಿಲಲ್ಲಿ ನಿಂತಿದ್ದರು. ಐವತ್ತು ದಾಟಿದ ಹೆಂಗಸು. ಶಿಕಾರಿಪುರದ ಆಚೆಯಿಂದ ಈ ಊರಿಗೆ ಸೊಸೆಯಾಗಿ ಬಂದವರು, ಮಾತಿನಲ್ಲಿ ತವರಿನ ಧಾಟಿ ಉಳಿದಿತ್ತು. ಒಳಗೆ ಸಾಲಿಗೆ ನಾಲ್ಕರಂತೆ ಎಂಟು ಕಂಬ. ಹೊಸ ಬಣ್ಣವಿರಲಿಲ್ಲ, ಹೊಸ ಗಾರೆಯಿರಲಿಲ್ಲ. ನನ್ನ ಅನುಮಾನಕ್ಕೆ ಸಿಕ್ಕುವಂಥದ್ದು ಏನೂ ಇರಲಿಲ್ಲ. ಬಾಗಿಲ ಪಕ್ಕದ ಮೂಲೆಯ ಮೂರು ಕಂಬಗಳ ಬುಡ ಮಾತ್ರ ಮೊಣಕಾಲೆತ್ತರಕ್ಕೆ ಕೆಂಪಗಿತ್ತು.

ನಾನು ಸೊರಬದವಳು. ನಮ್ಮ ಕಡೆ ಜಗುಲಿಗೆ, ಗೋಡೆಯ ಬುಡಕ್ಕೆ, ತುಳಸಿಕಟ್ಟೆಗೆ ಕೆಮ್ಮಣ್ಣು ಬಳಿಯುತ್ತಾರೆ. ಮಳೆಯಲ್ಲಿ ಅದು ಕರಗಿ ಗೆರೆಗೆರೆಯಾಗಿ ಇಳಿದಿರುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. "ಕೆಮ್ಮಣ್ಣು ಬಳಿದಿದ್ದೀರಿ" ಎಂದೆ. ವೀರಭದ್ರಪ್ಪ ಫೋನಿನಲ್ಲಿದ್ದರು, ನನ್ನ ಕಡೆ ನೋಡಿ ಹೂಂಗುಟ್ಟಿದರು. ಅಷ್ಟೇ.

ಬೇರೆ ಊರಿನ ಎಂಜಿನಿಯರ್ ಆಗಿದ್ದರೆ "ಇದೆಂಥ ಕೆಂಪು?" ಎಂದು ಕೇಳುತ್ತಿದ್ದಳು. ನನಗೆ ಗೊತ್ತಿತ್ತು, ಹಾಗಾಗಿ ಕೇಳಲಿಲ್ಲ. ಎಂಟರಲ್ಲಿ ಮೂರಕ್ಕೆ ಮಾತ್ರ ಯಾಕೆ ಬಳಿದರು ಎಂದೂ ಯೋಚಿಸಲಿಲ್ಲ. ಕಾಂಕ್ರೀಟಿನ ಗಟ್ಟಿತನವನ್ನು ಅಂಕಿಯಲ್ಲಿ ತೋರಿಸುವ, ಪುಟಿಯುವ ಸುತ್ತಿಗೆಯಿಂದ ಪ್ರತಿ ಕಂಬಕ್ಕೂ ಎದೆಯೆತ್ತರದಲ್ಲಿ ಪರೀಕ್ಷೆ ಮಾಡಿದೆ. ಯಾಕೆ ಎದೆಯೆತ್ತರ? ನಿಂತು ಮಾಡಲು ಅನುಕೂಲ. ಎಲ್ಲರೂ ಹಾಗೇ ಮಾಡುತ್ತಿದ್ದರು. ಅಂಕಿಗಳು ಚೆನ್ನಾಗಿ ಬಂದವು. ಫೋಟೋ ತೆಗೆದೆ. ಕಟ್ಟಡ ಬಳಕೆಗೆ ಯೋಗ್ಯ ಎಂದು ಬರೆದು ಸಹಿ ಮಾಡಿದೆ.

ಎರಡು ವರ್ಷ ಕಳೆಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ವೀರಭದ್ರಪ್ಪನವರ ಫೋನ್ ಬಂತು.

"ಮೇಡಂ, ಗೋದಾಮಿನ ಕಂಬದ್ದು ಒಂದು ಚಕ್ಕೆ ಬಿದ್ದದೆ. ಬಂದು ನೋಡಿ. ಶನಿವಾರ ಬೋರ್ಡ್ ಮೀಟಿಂಗ್ ಇದೆ, ಅಷ್ಟ್ರೊಳಗೆ ರಿಪೋರ್ಟ್ ಬೇಕು."

"ಯಾರಿಗಾದರೂ ಪೆಟ್ಟಾಯಿತಾ?"

"ಇಲ್ಲ. ಹಾಲಮ್ಮ ನೀರು ತರಾಕೆ ಎದ್ದು ಹೋಗಿದ್ಳಂತೆ. ಕೂತಿದ್ರೆ ಕಾಲ ಮೇಲೇ ಬೀಳ್ತಿತ್ತು."

ಹೋದೆ. ಗೋದಾಮಿನ ತುಂಬ ಸಾಸಿವೆ ಮತ್ತು ಉಪ್ಪುನೀರಿನ ವಾಸನೆ. ಪಶ್ಚಿಮದ ಗೋಡೆಯುದ್ದಕ್ಕೂ ಮಿಡಿ ಹಾಕಿದ ನೀಲಿ ಡ್ರಮ್ಮುಗಳು, ಎದುರು ಬಾಗಿಲ ಪಕ್ಕದ ಮೂಲೆಯಲ್ಲಿ ಒಡೆದ ಕಂಬ. ಮೊರದಗಲದ ಚಕ್ಕೆ ನೆಲದ ಮೇಲಿತ್ತು. ಒಳಗಿನ ಸರಳು ಪದರ ಪದರವಾಗಿ ಎದ್ದಿತ್ತು. ಹದಿನಾರು ಮಿಲಿಮೀಟರ್ ಇರಬೇಕಾದದ್ದು ತುಕ್ಕು ಕೆರೆದು ಅಳೆದರೆ ಹತ್ತೂವರೆ. ಸರಳುಗಳನ್ನು ಸುತ್ತಿ ಹಿಡಿಯುವ ರಿಂಗು ಮುಟ್ಟಿದರೆ ಉದುರುತ್ತಿತ್ತು. ಪಕ್ಕದ ಎರಡು ಕಂಬಗಳ ಬುಡ ತಟ್ಟಿದೆ. ಎರಡೂ ಬೋರಲು ಹಾಕಿದ ಮಡಕೆಯಂತೆ ಸದ್ದು ಮಾಡಿದವು.

ಮೊದಲು ಎಲ್ಲರನ್ನೂ ಹೊರಗೆ ಕಳಿಸಿದೆ. ಸಂಜೆಯೊಳಗೆ ಮೂರು ಕಂಬಗಳ ಪಕ್ಕ ತೊಲೆಯ ಕೆಳಗೆ ಜಾಕು ಕೊಡಿಸಿದೆ. ನೆನಪಿಡಿ, ಕಾರಣ ಹುಡುಕುವುದು ಆಮೇಲೆ. ಮೊದಲು ಚಾವಣಿಗೆ ಆಸರೆ.

ಹೆಂಗಸರು ಅಂಗಳದಲ್ಲಿ ಕೂತರು. ಡ್ರಮ್ಮುಗಳು ಒಳಗೇ ಉಳಿದವು. ವೀರಭದ್ರಪ್ಪ ನನ್ನನ್ನು ಪಕ್ಕಕ್ಕೆ ಕರೆದರು.

"ನೋಡಿ ಮೇಡಂ, ಕಣ್ಣಿಗೆ ಕಾಣ್ತಾ ಇದ್ಯಲ್ಲ. ಉಪ್ಪು! ಎಲ್ಲಿ ನೋಡಿದ್ರೂ ಉಪ್ಪುನೀರು. ಕಬ್ಬಿಣ ಉಳೀತದಾ? ಕೊಡೋದು ಬ್ಯಾಡ ಅಂತ ನಾನು ಮೊದ್ಲೇ ಬೋರ್ಡಿಗೆ ಹೇಳಿದ್ದೆ. ನೀವು ಉಪ್ಪಿಂದ ಆಗಿದ್ದು ಅಂತ ಬರೆದ್ರೆ ಶನಿವಾರ ಕರಾರು ರದ್ದು. ಅವ್ರ ಸಾಮಾನು ಅವ್ರು ತಗೊಂಡು ಹೋಗ್ತಾರೆ."

"ಎಲ್ಲಿಗೆ ಹೋಗುತ್ತಾರೆ?"

"ಅದು ಅವ್ರಿಗೆ ಬಿಟ್ಟಿದ್ದು."

ಹಾಲಮ್ಮನಿಗೆ ಅದು ಕೇಳಿಸಿತ್ತು. ಎದ್ದು ಬಂದರು. "ನಾವು ಉಪ್ಪು ಮಿಡಿಗೆ ಹಾಕ್ತೀವ್ರಿ, ಕಂಬಕ್ಕ ಹಾಕಂಗಿಲ್ಲ."

"ಡ್ರಮ್ಮು ಸೋರುವುದಿಲ್ಲವೇ?" ಎಂದೆ.

"ಸೋರಿದ್ರ ಮಿಡಿ ಕೊಳೀತೈತ್ರಿ ಮೇಡಂ. ಸೋರೋ ಡ್ರಮ್ಮು ಇಟ್ಕೊಂಡು ಕುಂದರಾಕ ನಮಗೇನ್ ಹುಚ್ಚು ಹಿಡಿದೈತೇನ್ರಿ?"

ನಾಚಿಕೆಯ ಮಾತು, ಆದರೂ ಬರೆಯುತ್ತೇನೆ. ಡ್ರಮ್ಮುಗಳನ್ನು ನೋಡಿದ ಕೂಡಲೇ ನನಗೆ ಸಮಾಧಾನವಾಗಿತ್ತು. ಹಾನಿಗೆ ಕಾರಣ ಈ ಹೆಂಗಸರ ಉಪ್ಪುನೀರಾದರೆ ನನ್ನ ಮೊದಲ ರಿಪೋರ್ಟು ಸರಿಯೇ. ನಾನು ಬಂದಾಗ ಕಟ್ಟಡ ಚೆನ್ನಾಗಿತ್ತು, ಆಮೇಲೆ ಇವರು ಕೆಡಿಸಿದರು. ಹಾಲಮ್ಮ ಹೇಳಿದ್ದನ್ನು ಅನುಮಾನಿಸುವುದು ನನಗೆ ಬಹಳ ಸುಲಭವಾಗಿತ್ತು. ಡ್ರಮ್ಮುಗಳು ಆ ಗೋಡೆಗೆ, ಕಂಬ ಈ ಮೂಲೆಗೆ, ನಡುವೆ ಹದಿನೈದು ಹೆಜ್ಜೆ. ಅದು ಕಣ್ಣಿಗೆ ಬಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹಾಲಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. "ಒಂದ್ ಮಾತು ಹೇಳ್ಲೇನ್ರಿ? ನಾವು ಇಲ್ಲಿ ಕಾಲಿಡೋಕ್ಕಿಂತ ಮೊದಲ ಈ ಕಂಬ ಕೆಂಪಿತ್ತು. ಅವತ್ತು ನಾನು ಬಾಗಿಲಾಗ ನಿಂತಿದ್ದೆ. 'ಕೆಮ್ಮಣ್ಣು ಬಳಿದಿದ್ದೀರಿ' ಅಂದ್ರಿ ನೀವು. ಗೊಬ್ಬರದ ಗೋದಾಮಿಗೆ ಯಾರು ಕೆಮ್ಮಣ್ಣು ಬಳೀತಾರ ಅಂತ ನನಗ ಅನ್ನಿಸ್ತು. ಆದ್ರ ಕಲ್ತೋರು ಹೇಳ್ತಾರ, ಇದ್ದೀತು ಅಂದ್ಕೊಂಡು ಸುಮ್ಮನಾದೆ."

ಅಂಗಳದಲ್ಲಿ ಕೂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ನನ್ನ ಅನುಮಾನವೂ ತಿರುಗಿತು, ಆದರೆ ನನ್ನ ಕಡೆಗಲ್ಲ, ವೀರಭದ್ರಪ್ಪನವರ ಕಡೆಗೆ. ಬುಡ ಬಿರಿದದ್ದು ಇವರಿಗೆ ಮೊದಲೇ ಗೊತ್ತಿತ್ತು. ನನ್ನ ಕಣ್ಣಿಗೆ ಮಣ್ಣೆರಚಲು ಕೆಮ್ಮಣ್ಣು ಬಳಿಸಿದರು. ಹಾಗೆಂದೇ ತಿಳಿದು ಅದನ್ನು ಅವರ ಮುಖಕ್ಕೇ ಹೇಳಿದೆ.

ಅವರು ಕೆಂಡವಾದರು. "ಎಂಥ ಮಾತು ಅಂತ ಆಡ್ತೀರಿ ಮೇಡಂ! ಕೆಮ್ಮಣ್ಣು ಬಳಿಸಾಕೆ ಇದೇನು ನನ್ನ ಮನೆ ಜಗುಲಿನಾ? ನಾನು ಬಳಿಸಿಲ್ಲ, ನಮ್ಮಪ್ಪನಾಣೆ ಬಳಿಸಿಲ್ಲ. ಅದು ಪೊಟ್ಯಾಷು! ಕೆಂಪು ಪೊಟ್ಯಾಷು. ನಾನು ಕೆಲಸಕ್ಕೆ ಸೇರೋಕ್ಕಿಂತ ಮುಂಚಿನಿಂದ ಆ ಮೂಲೆ ಪೊಟ್ಯಾಷ್ ಮೂಲೆ. ತೋಟದೋರು ಕೇಳೋದೇ ಅದು, ಬಾಗ್ಲ ಹತ್ರ ಇದ್ರೆ ಹಮಾಲರಿಗೆ ಸಲೀಸು. ಚೀಲ ಕಂಬಕ್ಕೇ ಒರಗಿಸಿ ಒಟ್ಟುತಿದ್ವಿ. ಮಳೆಗಾಲದಲ್ಲಿ ಬೆವರ್ತದೆ, ಬಣ್ಣ ಬಿಡ್ತದೆ. ತೊಳೆದ್ರೂ ಹೋಗಲ್ಲ. ಬೇಕಾದ್ರೆ ಹಳೇ ಹಮಾಲರನ್ನ ಕೇಳಿ ನೋಡಿ!"

ಅವರು ತಮ್ಮ ಮರ್ಯಾದೆ ಉಳಿಸಿಕೊಳ್ಳಲು ಮಾತಾಡಿದರು. ತಾವು ಏನು ಹೇಳಿಬಿಟ್ಟೆವು ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಾಯಿತು. ರೈತರು ತೋಟಕ್ಕೆ ಹಾಕುವ ಆ ಕೆಂಪು ಪೊಟ್ಯಾಷ್ ಅಡುಗೆ ಉಪ್ಪಿನ ದಾಯಾದಿ. ಅಡುಗೆ ಉಪ್ಪಿನಲ್ಲಿ ಸೋಡಿಯಂ, ಇದರಲ್ಲಿ ಪೊಟ್ಯಾಸಿಯಂ. ಕಬ್ಬಿಣ ತಿನ್ನುವ ಕ್ಲೋರೈಡ್ ಎರಡರಲ್ಲೂ ಒಂದೇ. ಎಷ್ಟೋ ಮಳೆಗಾಲ ಅದು ಆ ಮೂರು ಕಂಬಗಳಿಗೆ ಒರಗಿಕೊಂಡು ಬೆವರಿತ್ತು. ಯಾರೂ ಏನನ್ನೂ ಬಳಿದಿರಲಿಲ್ಲ, ಯಾರೂ ಮುಚ್ಚಿಟ್ಟಿರಲಿಲ್ಲ. ಗೊಬ್ಬರದ ಕೆಂಪಿನ ಅಡಿಯಲ್ಲಿ ತುಕ್ಕಿನ ಕೆಂಪು ಸೇರಿಕೊಂಡಿತ್ತು. ನಾನು ಎರಡನ್ನೂ ಒಟ್ಟಿಗೆ ಕೆಮ್ಮಣ್ಣು ಎಂದಿದ್ದೆ.

ನನಗೆ ಅನ್ನಿಸಿದ್ದನ್ನು ನಂಬುವ ಕಾಲ ಅದಲ್ಲ. ಎಂಟೂ ಕಂಬಗಳ ಬುಡದಲ್ಲಿ ಕೊರೆದು, ಮೇಲಿನಿಂದ ಒಳಕ್ಕೆ ಬೇರೆ ಬೇರೆ ಆಳದ ಪುಡಿಯನ್ನು ಬೇರೆ ಬೇರೆ ಪೊಟ್ಟಣ ಕಟ್ಟಿದೆ. ಲ್ಯಾಬಿನಲ್ಲಿ ಫಲಿತಾಂಶ ಬಂದಾಗ ಗೊಂದಲ ಉಳಿಯಲಿಲ್ಲ. ಡ್ರಮ್ಮುಗಳ ಪಕ್ಕದ ಕಂಬಗಳಲ್ಲಿ ಉಪ್ಪು ಗಾರೆಯ ಮೇಲ್ಪದರದಲ್ಲಷ್ಟೇ ಇತ್ತು, ಸರಳು ಮುಟ್ಟಿರಲಿಲ್ಲ. ಎರಡು ವರ್ಷದಲ್ಲಿ ಅಷ್ಟೇ ಸಾಧ್ಯ. ಬಾಗಿಲ ಮೂಲೆಯ ಮೂರರಲ್ಲಿ ಸರಳಿನ ಆಳವನ್ನೂ ದಾಟಿ ಹೋಗಿತ್ತು, ಜೊತೆಗೆ ಪೊಟ್ಯಾಸಿಯಂ.

ಇನ್ನೊಂದು ಕೆಲಸ ಉಳಿದಿತ್ತು. ಮೊದಲ ತಪಾಸಣೆಯ ಫೋಟೋಗಳನ್ನು ತೆಗೆದೆ. ಒಂದರ ಅಂಚಿನಲ್ಲಿ ಆ ಕಂಬದ ಬುಡ ಸಿಕ್ಕಿತ್ತು. ದೊಡ್ಡದು ಮಾಡಿ ನೋಡಿದೆ. ಕೆಂಪಿನ ನಡುವೆ, ನೇರವಾಗಿ ಮೇಲಕ್ಕೆ, ಸರಳು ಇರುವ ಗೆರೆಯಲ್ಲೇ ಒಂದು ಬಿರುಕು. ಎರಡು ವರ್ಷ ಅದು ನನ್ನ ಫೈಲಿನಲ್ಲೇ ಇತ್ತು.

ಪ್ರಭಾಕರ್ ಸರ್ ಎಲ್ಲವನ್ನೂ ಓದಿದರು. ನನಗೆ ಅನುಮಾನ ಕಲಿಸಿದವರು ಅವರು. ಅವರ ಮೇಲೇ ಅದನ್ನು ಬಳಸಬೇಕಾಗುತ್ತದೆ ಎಂದುಕೊಂಡಿರಲಿಲ್ಲ.

"ಪೊಟ್ಯಾಷ್ ವಿಷಯ ಬರಿ" ಎಂದರು. "ಫೋಟೋ ಬೇಡ. 'ತಪಾಸಣೆಯ ನಂತರದ ಅವಧಿಯಲ್ಲಿ ಹಾನಿ ಉಲ್ಬಣಿಸಿದೆ' ಅಂತ ಒಂದು ಸಾಲು ಹಾಕು. ಸುಳ್ಳೇನಲ್ಲವಲ್ಲ?"

ಸುಳ್ಳಲ್ಲ. ತುಕ್ಕು ಎರಡು ವರ್ಷ ಸುಮ್ಮನೆ ಕೂತಿರಲಿಲ್ಲ. ತೊಂದರೆ ಇದ್ದದ್ದು ಅಲ್ಲೇ. ಆ ಸಾಲು ಓದಿದ ಬೋರ್ಡಿನವರು ಪೊಟ್ಯಾಸಿಯಂ ಯಾವುದು, ಸೋಡಿಯಂ ಯಾವುದು ಎಂದು ಕೇಳುವುದಿಲ್ಲ. ತಪಾಸಣೆಯ ನಂತರ ಅಲ್ಲಿಗೆ ಯಾರು ಬಂದರು ಎಂದಷ್ಟೇ ಕೇಳುತ್ತಾರೆ.

"ಆ ಸಾಲು ಹಾಕಿದರೆ ಹದಿಮೂರು ಜನ ಬೀದಿಗೆ ಬೀಳುತ್ತಾರೆ ಸರ್" ಎಂದೆ.

"ಹಾಕದಿದ್ದರೆ ನಮ್ಮ ಹಳೆಯ ರಿಪೋರ್ಟುಗಳನ್ನೆಲ್ಲ ಜನ ತೆಗೆದು ನೋಡುತ್ತಾರೆ."

"ನೋಡಲಿ ಸರ್."

ನಾನು ಫೋಟೋ ಸೇರಿಸಿ, ಕೊನೆಯಲ್ಲಿ ಹೀಗೆ ಬರೆದೆ: ಈ ಹಾನಿ ಮೊದಲ ತಪಾಸಣೆಯ ದಿನವೇ ಇತ್ತು. ಅದು ಸಂಘದ ಬಳಕೆಯಿಂದ ಆದದ್ದಲ್ಲ. ಅಂದು ಅದನ್ನು ಗುರುತಿಸದಿರುವುದು ತಪಾಸಣೆ ಮಾಡಿದ ನನ್ನ ತಪ್ಪು. ರಿಪೋರ್ಟು ಎರಡು ದಿನ ಸರ್ ಮೇಜಿನ ಮೇಲಿತ್ತು. ಶುಕ್ರವಾರ ಮಧ್ಯಾಹ್ನ ಸಹಿಯಾಗಿ ಬಂತು. ಆಮೇಲೆ ಒಂದು ವರ್ಷ ನನ್ನೊಬ್ಬಳನ್ನೇ ಯಾವ ಕಟ್ಟಡಕ್ಕೂ ಕಳಿಸಲಿಲ್ಲ. ಲ್ಯಾಬಿನಲ್ಲಿ ಕಾಂಕ್ರೀಟ್ ದಿಮ್ಮಿಗಳನ್ನು ಒಡೆಯುತ್ತಿದ್ದೆ. ನಮ್ಮ ತಪಾಸಣೆಯ ನಮೂನೆ ಈಗ ಕಂಬದ ಬುಡದಿಂದ ಆರಂಭವಾಗುತ್ತದೆ. ಎರಡನೆಯ ಕಲಮು, ಇಲ್ಲಿ ಮೊದಲು ಏನು ಇಡುತ್ತಿದ್ದರು ಎಂಬುದು. ಅದನ್ನು ಸೇರಿಸಿದವರು ಪ್ರಭಾಕರ್ ಸರ್.

ಶನಿವಾರ ಬೋರ್ಡಿನಲ್ಲಿ ರಿಪೋರ್ಟು ಓದಿದರಂತೆ. ಗೋದಾಮಿಗೆ ಬೀಗ ಬಿತ್ತು, ಕರಾರು ಉಳಿಯಿತು. ಸಂಘಕ್ಕೆ ಸೊಸೈಟಿ ಕಚೇರಿಯ ಹಿಂದಿರುವ ಸಭಾಭವನ ಕೊಡಬೇಕೆಂದಾಯಿತು. ಅದನ್ನು ನೋಡಿ ಬರಲು ಸರ್ ಜೊತೆ ನಾನೂ ಹೋದೆ. ಒಂದು ದಿನ ಪೂರ್ತಿ ಆರು ಕಂಬಗಳ ಬುಡದಲ್ಲೇ ಕೂತಿದ್ದೆ. ಮರುದಿನ ನಾವಿಬ್ಬರೂ ಅಲ್ಲಿದ್ದಾಗಲೇ ಹೆಂಗಸರು ಡ್ರಮ್ಮುಗಳನ್ನು ಟ್ರ್ಯಾಕ್ಟರಿನಲ್ಲಿ ತಂದರು. ಹಾಲಮ್ಮ ಅವನ್ನು ಒಳಗೆ ಬಿಡದೆ ಅಂಗಳದಲ್ಲೇ ಇಳಿಸಿದರು.

"ಇದು ಗಟ್ಟಿ ಐತೇನ್ರಿ?"

"ಗಟ್ಟಿಯಿದೆ. ನಿನ್ನೆ ಎಲ್ಲ ನೋಡಿದ್ದೇನೆ."

"ಹ್ವಾದ ಸಲಾನೂ ನೋಡಿದ್ರಿ."

ನಾನು ಚೀಲದಿಂದ ಸುತ್ತಿಗೆ ತೆಗೆದೆ.

"ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಡಂ. ಆ ಸುತ್ತಿಗಿ ಈ ಕಡೆ ಕೊಡ್ರಿ."

ಕೊಟ್ಟೆ. ಗಟ್ಟಿಯಾದದ್ದು ಹೇಗೆ ಸದ್ದು ಮಾಡುತ್ತದೆ ಎಂದು ಕೇಳಿದರು. ಬಾಗಿಲ ಕಲ್ಲಿನ ಹೊಸ್ತಿಲಿಗೆ ತಟ್ಟಿಸಿದೆ. ಟೊಳ್ಳು ಹೇಗೆ ಎಂದರು. ಅಂಗಳದಲ್ಲಿ ಗಾರೆ ಸಡಿಲಾದ ಗೋಡೆಯೊಂದಕ್ಕೆ ತಟ್ಟಿಸಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತರು. ಸುತ್ತಲೂ ತಟ್ಟಿದರು. ಎರಡನೆಯದು, ಮೂರನೆಯದು. ಐದನೆಯದರಲ್ಲಿ ಕೈ ನಿಂತಿತು. ಮತ್ತೊಮ್ಮೆ ತಟ್ಟಿ ನನ್ನ ಕಡೆ ನೋಡಿದರು.

"ಇದು ಬ್ಯಾರೆ ಐತಿ."

ನಿನ್ನೆ ನನಗೂ ಅದು ಕೇಳಿತ್ತು. "ಗಾರೆ ಮಾತ್ರ ಬಿಟ್ಟಿದೆ ಹಾಲಮ್ಮ. ಒಳಗೆ ಏನೂ ಆಗಿಲ್ಲ."

"ಒಡೀರಿ."

"ಅಯ್ಯೋ, ಮೊನ್ನೆ ಬಣ್ಣ ಹೊಡೆಸಿದ್ದು ಮಾರಾಯ್ತಿ!" ಎಂದರು ವೀರಭದ್ರಪ್ಪ.

"ಬಣ್ಣ ಮತ್ತ ಹೊಡಸ್ರಿ. ಅದರಡೀ ಕೂರೋರು ನಾವು."

ಉಳಿ ಇಟ್ಟು ಹೊಡೆದೆ. ಗಾರೆ ಹಪ್ಪಳದಂತೆ ಎದ್ದು ಬಂತು. ಒಳಗೆ ಬೂದು ಬಣ್ಣದ ಕಾಂಕ್ರೀಟು, ಬಿರುಕಿಲ್ಲ. ಇಷ್ಟು ಸಾಕೆಂದು ಎದ್ದೆ.

"ಕಬ್ಬಿಣ ಕಾಣವಲ್ದು" ಎಂದರು ಹಾಲಮ್ಮ.

ಮತ್ತೆ ಕೂತೆ. ಗಟ್ಟಿ ಕಾಂಕ್ರೀಟು ಸುಲಭಕ್ಕೆ ಬಿಡುವುದಿಲ್ಲ. ಅರ್ಧ ಗಂಟೆ ಹಿಡಿಯಿತು. ಪ್ರಭಾಕರ್ ಸರ್ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು, ಬೇಡ ಎನ್ನಲಿಲ್ಲ. ಕೊನೆಗೆ ಸರಳು ಕಂಡಿತು. ಕಪ್ಪಗಿತ್ತು, ಮೇಲಿನ ಏಣುಗಳು ಕಾರ್ಖಾನೆಯಿಂದ ಬಂದ ಹಾಗೇ ಇದ್ದವು. ಹಾಲಮ್ಮ ನನ್ನನ್ನು ಸರಿಸಿ ಗುಳಿಯೊಳಗೆ ಬೆರಳು ಹಾಕಿದರು. ಸರಳನ್ನು ಒತ್ತಿ ಉಜ್ಜಿದರು. ಬೆರಳು ತೆಗೆದು ಬಾಗಿಲ ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು, ಸೆರಗಿಗೆ ಒರೆಸಿಕೊಂಡರು.

ಆಮೇಲೆ ಸುತ್ತಿಗೆ ಎತ್ತಿಕೊಂಡು ಆರನೆಯ ಕಂಬದ ಹತ್ತಿರ ಹೋಗಿ ಕೂತು ಅದನ್ನೂ ಸುತ್ತ ತಟ್ಟಿದರು. ಅದು ಮುಗಿದ ಮೇಲೆ ಅಂಗಳದ ಕಡೆ ಮುಖ ಮಾಡಿ, "ತರ್ರೇ ಒಳಗ" ಎಂದರು.